ಮನೇಲಿದ್ದೋರ ತುತ್ತು

ಕಾದ ಮರಳಿನಲ್ಲಿ ರಾಗಿ ಅರಳುವಾಗ ಮೊದಲು ಬರುವುದು ಸದ್ದು, ವಾಸನೆ ಆಮೇಲೆ. ಚಿಟಪಟ ನಿಂತು, ಬಾಣಲೆ ಇಳಿಸಿ, ಜರಡಿ ಆಡಿಸಿ ಮರಳನ್ನು ಬೇರೆ ಮಾಡುವ ಹೊತ್ತಿಗೆ, ಸುಟ್ಟೂ ಸುಡದಂಥ ಒಂದು ಘಮ ಅಡಿಗೆಮನೆಯಿಂದ ಹೊರಟು ಪಡಸಾಲೆ ದಾಟಿ ಬೀದಿಗೆ ಹೋಗುತ್ತದೆ. ಮೊನ್ನೆ ತುಮಕೂರಿನ ನಮ್ಮ ಬಾಡಿಗೆ ಮನೆಯ ಹಿಂದಿನ ವಠಾರದಲ್ಲಿ ಯಾರೋ ಹುರಿಹಿಟ್ಟಿಗೆ ರಾಗಿ ಹುರಿಯುತ್ತಿದ್ದರು. ರೇಷನ್ ಅಂಗಡಿಯ ಮುಂದೆ ಸಾಲು ನಿಂತು ಬಂದು ಚೀಲ ಇಳಿಸುತ್ತಿದ್ದವಳು ಹಾಗೇ ನಿಂತೆ. ಬರೀ ರಾಗಿಯ ಘಮವಾಗಿದ್ದರೆ ಏನೂ ಅನ್ನಿಸುತ್ತಿರಲಿಲ್ಲವೇನೋ. ಅದರೊಳಗೆ ಒಣಶುಂಠಿ ಕುಟ್ಟಿದ ಖಾರವೂ ಸೇರಿಕೊಂಡಿತ್ತು. ಹುರಿಹಿಟ್ಟಿಗೆ ಏಲಕ್ಕಿ ಹಾಕುವವರುಂಟು, ಕೊಬ್ಬರಿ ಹಾಕುವವರುಂಟು. ಒಣಶುಂಠಿ ಹಾಕುತ್ತಿದ್ದವಳು ನನಗೆ ಗೊತ್ತಿದ್ದಂತೆ ಒಬ್ಬಳೇ, ನಮ್ಮ ನೀಲತ್ತೆ, ನಮ್ಮಪ್ಪನ ತಂಗಿ. ಅವಳೂ ಇಲ್ಲ, ಅವಳು ಹಿಟ್ಟು ಹುರಿಯುತ್ತಿದ್ದ ಮನೆಯೂ ಇಲ್ಲ. ಅಳು ಬಂತೇ ಅಂದರೆ, ಬರಲಿಲ್ಲ. ನಿಮಗೂ ಹೀಗಾಗುತ್ತಿರಬಹುದು. ಒಂದು ವಯಸ್ಸು ದಾಟಿದ ಮೇಲೆ ನೆನಪಿಗೆ ಕಣ್ಣು ಒದ್ದೆಯಾಗುವುದಿಲ್ಲ. ಕೂತಲ್ಲೇ ಕೂತ ಕಾಲಿನ ಹಾಗೆ ಒಳಗೆಲ್ಲೋ ಜೋಮು ಹಿಡಿಯುತ್ತದೆ, ಅಷ್ಟೆ. ಚೀಲ ಬಿಚ್ಚಿ, ಮೊರ ತೆಗೆದುಕೊಂಡು ಅಕ್ಕಿ ಕೇರಲು ಕೂತೆ.

ಆ ಮನೆ ಇದ್ದದ್ದು ಮದ್ದಗಿರಿಯಲ್ಲಿ. ಈಗ ಎಲ್ಲರೂ ಮಧುಗಿರಿ ಅನ್ನುತ್ತಾರೆ, ಬಸ್ಸಿನ ಹಲಗೆಯ ಮೇಲೂ ಹಾಗೇ ಬರೆದಿರುತ್ತಾರೆ. ನಮ್ಮ ಬಾಯಿಗೆ ಅದು ಮದ್ದಗಿರಿಯೇ. ಕೋಟೆ ಬಾಗಿಲಿಗೆ ಹೋಗುವ ದಾರಿಯಲ್ಲಿ, ಮಲ್ಲೇಶ್ವರನ ಗುಡಿಗೆ ಹತ್ತಿರ, ಮಣ್ಣಿನ ಮಾಳಿಗೆಯ ಮನೆ. ಮುಂದೆ ಉದ್ದಕ್ಕೆ ಕಲ್ಲಿನ ಜಗಲಿ. ಜಗಲಿಯ ಮೇಲೆ ಕೂತು ತಲೆಯೆತ್ತಿದರೆ ಬೆಟ್ಟ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಒಂದೇ ಬಂಡೆಯ ಬೆಟ್ಟ ಅದು. ಬೆಳಿಗ್ಗೆ ಬೂದಿಯ ಬಣ್ಣ, ಮಧ್ಯಾಹ್ನ ಕಾದ ಹೆಂಚಿನ ಬಣ್ಣ, ಸಂಜೆ ಹೊತ್ತು ಮುಳುಗುವಾಗ ಸ್ವಲ್ಪ ಕೆಂಪು. ಮಳೆ ಬಂದು ನಿಂತರೆ ಮೈತುಂಬ ನೀರಿನ ಗೆರೆಗಳು ಹೊಳೆಯುತ್ತಿದ್ದವು. ಆ ಬೆಟ್ಟ ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಿದ್ದರು. ರಜೆಯಲ್ಲಿ ಸ್ಕೂಲು ಮೇಷ್ಟರುಗಳು, ಅಮಲ್ದಾರರ ಮನೆಗೆ ಬಂದ ನೆಂಟರು, ಬೆಂಗಳೂರಿನಿಂದ ಮೋಟಾರಿನಲ್ಲಿ ಬಂದು ಬೂಟು ಹಾಕಿಕೊಂಡು ಹತ್ತುವ ಹುಡುಗರು. ಎಲ್ಲರೂ ನಮ್ಮ ಜಗಲಿಯ ಮೇಲೆ ಗಂಟುಮೂಟೆ ಇಟ್ಟು, ಒಂದು ತಂಬಿಗೆ ನೀರು ಕುಡಿದು, ನೀಲತ್ತೆಯ ಮಾತು ಕೇಳಿಸಿಕೊಂಡು ಹೋಗುವುದು ವಾಡಿಕೆ. ಯಾರೂ ಗೊತ್ತುಮಾಡಿದ್ದಲ್ಲ. ದಾರಿಯಲ್ಲಿ ಮನೆಯಿತ್ತು, ಮನೆಯಲ್ಲಿ ಅತ್ತೆಯಿದ್ದಳು.

ಅತ್ತೆ ಹೊಸ್ತಿಲ ಮೇಲೆ ಕೂತು, ಬತ್ತಿ ಹೊಸೆಯುತ್ತಲೋ ಅವರೆಕಾಯಿ ಬಿಡಿಸುತ್ತಲೋ ಹೇಳುತ್ತಿದ್ದಳು. "ಬಂಡೆ ಕಾಯೋಕೆ ಮುಂಚೆ ಹತ್ತಿಬುಡಿ, ಕಾದ ಮೇಲೆ ಇಳೀಬ್ಯಾಡಿ. ಸಂಜೆಗಂಟ ಮೇಲೇ ಕೂತಿರಿ, ನೆರಳೈತೆ. ಜೋಡು ಕೈಯಾಗೆ ಇಡ್ಕಳಿ, ಬರಿಗಾಲೇ ಹಿಡ್ತ. ಜೇನು ಕಟ್ಟಿರೋ ಕಡೆ ಬೀಡಿ ಹಚ್ಚಬ್ಯಾಡ್ರಪ್ಪ, ನಿಮ್ಗೂ ಬ್ಯಾಡ ಅವಕ್ಕೂ ಬ್ಯಾಡ. ಇಳಿವಾಗ ಕೂತ್ಕಂಡು ಇಳೀರಿ. ನಾಚ್ಕಂಡು ನಿಂತು ಇಳಿದೋರು ಮೊಣಕಾಲಿಗೆ ಅರಿಶಿಣ ಕೇಳ್ಕಂಡು ನನ್ ತಾವೇ ಬತ್ತಾರೆ." ಸಿರಾಕ್ಕೆ ಹೋಗುತ್ತೇವೆಂದರೆ, ಬಿಸಿಲ ಹೊತ್ತಿನಲ್ಲಿ ದರ್ಗಾದ ಕಲ್ಲು ತಣ್ಣಗಿರುತ್ತದೆ, ಸುಮ್ಮನೆ ಕೂತರೆ ಯಾರೂ ಏಳು ಅನ್ನುವುದಿಲ್ಲ, ಕೋಟೆ ಸಂಜೆಗೆ ನೋಡಿ ಅನ್ನುವಳು. ಪಾವಗಡಕ್ಕೆಂದರೆ, ಬೆಟ್ಟ ಹತ್ತುವ ಮುಂಚೆ ಊರೊಳಗೇ ನೀರು ತುಂಬಿಸಿಕೊಳ್ಳಿ, "ಕೊಂಚೆಂ ನೀಳ್ಳು ಇಯ್ಯಮ್ಮಾ" ಅಂತ ತೆಲುಗಿನಲ್ಲೇ ಕೇಳಿ, ನೀರಿನ ಜೊತೆಗೆ ಬೆಲ್ಲವೂ ಬರುತ್ತದೆ ಅನ್ನುವಳು. ಮಲ್ಲೇಶ್ವರನ ಗುಡಿಗೆ ಮಾತ್ರ ಅವಳು ಯಾವಾಗಲೂ "ಆ ದೊಡ್ಡ ಗುಡಿ" ಅನ್ನುತ್ತಿದ್ದದ್ದು. ಬಂದವರಿಗೆ ಗೊತ್ತಾಗದೆ, "ಯಾವ್ದಮ್ಮಾ, ಮಲ್ಲೇಶ್ವರನ ಗುಡೀನಾ?" ಅಂದರೆ, "ಊಂ, ಅದೇ ಕಣಪ್ಪ" ಅಂದು ಮುಖ ತಿರುಗಿಸುವಳು. ಮಲ್ಲಿಗೆಗೂ ಹಾಗೇ, ಅವಳ ಬಾಯಲ್ಲಿ ಅದು "ಬಿಳೀ ಹೂವು". ಅವಳ ಗಂಡನ ಹೆಸರು ಮಲ್ಲಪ್ಪ. ಗಂಡನ ಹೆಸರು ಹೇಳಬಾರದು, ಆ ಹೆಸರಿನ ನೆರಳು ಬಿದ್ದ ಮಾತೂ ಆಡಬಾರದು ಅನ್ನುವ ಕಾಲ. ನಾವು ಮಕ್ಕಳು ಹೂವಿನವಳು ಬಂದಾಗ, "ಅತ್ತೆ, ಬುಟ್ಟೀಲಿ ಏನೈತೆ ಹೇಳು, ನೋಡಾನ" ಅಂತ ಕಾಡುತ್ತಿದ್ದೆವು. "ನಿಮ್ ತಲೆ ಐತೆ" ಅನ್ನುವಳು, ನಗುತ್ತಲೇ.

ಇಷ್ಟೆಲ್ಲ ಹೇಳುತ್ತಿದ್ದವಳು ಒಂದು ಊರನ್ನೂ ಕಂಡವಳಲ್ಲ. ಯಾರೋ ಒಬ್ಬರು, "ನೀವು ಎಷ್ಟು ಸಲ ಹತ್ತಿದ್ದೀರಮ್ಮ ಬೆಟ್ಟಾನ?" ಅಂತ ಕೇಳಿದಾಗ, ಒಳಗೆ ಮಂಚದ ಮೇಲಿಂದ ಅಜ್ಜಿ, "ಅವ್ಳಾ? ಅಟ್ಟ ಹತ್ತಿರಾದೇ ಹೆಚ್ಚು ಕಣಪ್ಪ" ಅಂದಳು. ಅತ್ತೆಗೆ ಇವೆಲ್ಲ ಗೊತ್ತಾಗುತ್ತಿದ್ದದ್ದು ನಮ್ಮ ಮನೆಯ ಒಂದು ಪದ್ಧತಿಯಿಂದ. ಮನೆಯಿಂದ ಯಾರೇ ಊರು ನೋಡಲು ಹೋಗಲಿ, ಬುತ್ತಿ ಕಟ್ಟಿಕೊಂಡು ಹೋದರೆ ಕಡೆಯ ತುತ್ತನ್ನು ಉಣ್ಣುವಂತಿರಲಿಲ್ಲ. ಅದನ್ನು ಹಾಗೇ ಗಂಟಿನಲ್ಲಿಟ್ಟು ಮನೆಗೆ ತರಬೇಕು. ಮನೆಯಲ್ಲಿ ಉಳಿದವರು ಅದನ್ನು ತಿನ್ನಬೇಕು, ಅವರು ತಿನ್ನುವಷ್ಟು ಹೊತ್ತೂ ಹೋಗಿ ಬಂದವರು ಕಂಡದ್ದನ್ನೆಲ್ಲ ಹೇಳಬೇಕು. ಹಾಗೆ ಮಾಡಿದರೆ ಇದ್ದವರೂ ಹೋಗಿ ಬಂದ ಹಾಗೆ. ಅದಕ್ಕೆ ಮನೇಲಿದ್ದೋರ ತುತ್ತು ಅಂತಲೇ ಹೆಸರು. ಹಳಸಿರಲಿ, ಒಣಗಿರಲಿ, ಎಸೆಯುವಂತಿಲ್ಲ, ಹಸುವಿಗೆ ಹಾಕುವಂತಿಲ್ಲ. ಹೋದವರು ಅದನ್ನು ಮುಟ್ಟುವಂತೆಯೂ ಇಲ್ಲ. ನಮ್ಮ ಬೀದಿಯಲ್ಲಿ ಬೇರೆ ಯಾರಿಗೂ ಈ ಪದ್ಧತಿ ಇರಲಿಲ್ಲ, ನೀರು ತರಲು ಹೋದಾಗ ಹೆಂಗಸರು, "ಏನ್ ನೀಲಮ್ಮ, ಇವತ್ತು ಯಾವೂರಿಗೆ ಹೋಗಿ ಬಂದೆ, ಹುಳಿ ಅನ್ನದ ಗಾಡೀಲಿ?" ಅಂತ ಆಡಿಕೊಳ್ಳುತ್ತಿದ್ದರು. ನೀಲತ್ತೆ ಎಷ್ಟು ವರ್ಷ ಆ ತುತ್ತುಗಳನ್ನು ತಿಂದಳೋ. ಸಿರಾದ ತುತ್ತು, ಪಾವಗಡದ ತುತ್ತು, ಮನೆಯ ಎದುರಿಗೇ ಇದ್ದ ಬೆಟ್ಟದ ತುತ್ತು. ತಿನ್ನುತ್ತ ತಿನ್ನುತ್ತ ಕೇಳುವಳು: "ಅಲ್ಲಿ ನೀರು ಹೆಂಗಿತ್ತು? ಮೆಟ್ಲು ಎಷ್ಟಗಲ? ಕೂತ್ಕಳಾಕೆ ಜಾಗ ಐತಾ?"

ಸಿದ್ದರ ಬೆಟ್ಟದ ವಿಚಾರ ಮಾತ್ರ ಅವಳು ಯಾರಿಗೂ ಹೇಳುತ್ತಿರಲಿಲ್ಲ. ಕೊರಟಗೆರೆ ಕಡೆಯ ಆ ಬೆಟ್ಟಕ್ಕೂ ಜನ ಹೋಗುತ್ತಿದ್ದರು, ಗವಿಯೊಳಗಿನ ತಣ್ಣನೆಯ ನೀರಿಗೆ, ಮೂಲಿಕೆಯ ಗಾಳಿಗೆ. ಹೆಂಗೆ ಹೋಗೋದಮ್ಮ ಅಂದರೆ, "ಅಲ್ಲಿಂದ ತುತ್ತು ಬಂದಿಲ್ಲ ಕಣಪ್ಪ, ನಂಗೊತ್ತಿಲ್ಲ" ಅನ್ನುವಳು. ಕೇಳಿದವರಿಗೆ ಅರ್ಥವಾಗುತ್ತಿರಲಿಲ್ಲ, ಮನೆಯವರಿಗೆ ಆಗುತ್ತಿತ್ತು. ಮದುವೆಯಾದ ಮರುವರ್ಷ, ನಮ್ಮ ಮನೆಗೇ ಬಂದು ನೆಲೆಸಿ ಅಪ್ಪನ ಬಟ್ಟೆ ಅಂಗಡಿ ನೋಡಿಕೊಂಡಿದ್ದ ಮಲ್ಲಪ್ಪ ಮಾವ, ಜೊತೆಯವರ ಸಂಗಡ ಎರಡು ದಿನ ಸುತ್ತಾಡಿ ಬರುತ್ತೇನೆಂದು ಸಿದ್ದರ ಬೆಟ್ಟಕ್ಕೆ ಹೋದ. ಅತ್ತೆ ಅವನಿಗೆ ಇಷ್ಟವೆಂದು ಒಣಶುಂಠಿ ಹಾಕಿ, ಬೆಲ್ಲ ತುಪ್ಪದಲ್ಲಿ ಹುರಿಹಿಟ್ಟು ಕಲಸಿ, ಉಂಡೆ ಕಟ್ಟಿ, ಹಿತ್ತಾಳೆ ಡಬ್ಬಿಯಲ್ಲಿ ಕೊಟ್ಟಿದ್ದಳು. ಜೊತೆಯವರು ಬಂದರು. ಅವನು ಇನ್ನೊಂದು ದಿನ ಇದ್ದು ಬರುತ್ತೇನೆಂದನಂತೆ. ಹುಡುಕಿಕೊಂಡು ಹೋದ ಅಪ್ಪನಿಗೆ ಸಿಕ್ಕಿದ್ದು, ಸಾಧುಗಳ ಹಿಂದೆ ಶ್ರೀಶೈಲದ ಕಡೆ ಹೊರಟುಹೋದ ಅನ್ನುವ ಸುದ್ದಿ ಮಾತ್ರ. ನಾನಾಗ ಹುಟ್ಟಿರಲಿಲ್ಲ. ಅಂದಿನಿಂದ ಅತ್ತೆ ನೀರಿನ ಕಟ್ಟೆಯಿಂದಾಚೆ ಎಲ್ಲಿಗೂ ಹೋಗಲಿಲ್ಲ. ಅಜ್ಜಿ ಸೊಂಟ ಮುರಿದುಕೊಂಡು ಮಂಚ ಹಿಡಿದದ್ದು ಆಮೇಲೆ. ಹೇಳಿಕೊಳ್ಳಲು ಅದೊಂದು ನೆಪವಾಯಿತು. ಒಂದು ಸಲ ಅವ್ವ ಎದುರಿನ ಬೆಟ್ಟಕ್ಕಾದರೂ ಬಾ ಅಂತ ಕರೆದಾಗ ಅತ್ತೆ ಅಂದದ್ದು ನಾನೇ ಕೇಳಿದ್ದೇನೆ: "ಬ್ಯಾಡ ಕಣತ್ತಿಗೆ. ಬಂದಾಗ ಬಾಗ್ಲು ತೆಗೆಯೋರು ಬೇಕಲ್ಲ."

ನನಗೆ ಹತ್ತೋ ಹನ್ನೊಂದೋ ಇರುವಾಗ ಒಂದು ಮಧ್ಯಾಹ್ನ ಕರಿಯಕ್ಕ ಬಂದಳು. ಕೊಳಾಲದ ಕಡೆಯ ಕುರಿಹಟ್ಟಿಯವಳು, ವರ್ಷಕ್ಕೊಮ್ಮೆ ಕಂಬಳಿ ಮಾರಲು ಬಂದು ನಮ್ಮ ಜಗಲಿಯ ಮೇಲೆ ರಾಶಿ ಹಾಕಿಕೊಂಡು ಕೂರುವವಳು. ಅವಳ ಜೊತೆ ಹಸಿ ಉಣ್ಣೆಯ, ಕಂಬಳಿಯ ನೂಲಿಗೆ ಹಾಕುವ ಹುಣಸೆಬೀಜದ ಗಂಜಿಯ ವಾಸನೆಯೂ ಬಂದು ಮನೆಯಲ್ಲಿ ಎರಡು ದಿನ ಇರುತ್ತಿತ್ತು. ಅವತ್ತು ಕಂಬಳಿ ಬಿಚ್ಚುವ ಮೊದಲೇ ಎಲೆಅಡಿಕೆ ಕೇಳಿ, ಹಾಕಿಕೊಂಡು, ಅಜ್ಜಿಯ ಮಂಚದ ಹತ್ತಿರ ಕೂತು ಅಂದಳು, "ಅವ್ವಾ, ಹೇಳ್ಬೇಕೋ ಬ್ಯಾಡ್ವೋ ಅಂತ ದಾರಿಯುದ್ದ ಯೋಚ್ನೆ ಮಾಡ್ಕಂಡೇ ಬಂದೆ. ಸಿದ್ದರ ಬೆಟ್ಟದ ಗವೀಲಿ ಒಬ್ಬ ಅವ್ನೆ. ಮಳೆಗಾಲ ಕಳೆದ ಮೇಲೆ ಬಂದೋನು. ಎಡಗಿವಿ ಸೀಳೈತೆ. ನಿಮ್ಮಳಿಯಂಗೂ ಕಿವಿ ಸೀಳಿತ್ತು ಅಂತಿದ್ರಿ." ಒಳಗೆ ಅತ್ತೆ ಬೀಸುತ್ತಿದ್ದ ಕಲ್ಲಿನ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಯಿತು.

ಅಪ್ಪ ತಾನೊಬ್ಬನೇ ಹೋಗಿ ನೋಡಿಕೊಂಡು ಬರುತ್ತೇನೆಂದ. ಅಜ್ಜಿ ಒಪ್ಪಲಿಲ್ಲ. "ಗಡ್ಡ ಬಿಟ್ಟ ಮೇಲೆ ಎಲ್ಲಾ ಗಂಡಸ್ರೂ ಒಂದೇ ಕಣ್ಲಾ. ಅವ್ನ ಗುರ್ತು ಹಿಡಿಯಾಕೆ ಅವಳೇ ಆಗ್ಬೇಕು." ಕಡೆಗೆ, ಊರಿನ ಬಾಯಿಗೆ ಬೀಳದ ಹಾಗೆ, ಎಲ್ಲರೂ ಸೇರಿ ಗಾಡಿ ಕಟ್ಟಿಸಿಕೊಂಡು ಬೆಟ್ಟ ನೋಡಲು ಹೋಗುವುದು ಅಂತ ಆಯಿತು. ನೀರಿನ ಕಟ್ಟೆಯಲ್ಲಿ ಅವ್ವ, "ಸಿದ್ದರ ಬೆಟ್ಟದ ನೀರು ಮೈಗೆ ಒಳ್ಳೇದಂತೆ, ಎರಡು ದಿನ ಹೋಗಿ ಬತ್ತೀವಿ" ಅಂತ ಹೇಳಿ ಬಂದಳು. ಮನೆಯೊಳಗೂ ಯಾರೂ ಬೇರೆ ಮಾತು ಆಡಲಿಲ್ಲ. ಅಜ್ಜಿಯ ಜೊತೆಗೆ ಉಳಿಯಬೇಕಾದವಳು ನಾನು. ನನಗೆ ಗಾಡಿಯಲ್ಲಿ ಹೋಗುವ ಆಸೆಯಿತ್ತು, ಮುಖ ಊದಿಸಿಕೊಂಡು ಕೂತೆ. ಅತ್ತೆ ರಾಗಿ ಹುರಿಯುತ್ತಿದ್ದವಳು ನನ್ನನ್ನು ಹತ್ತಿರ ಕರೆದು, ಅಂಗೈಗೆ ಬಿಸಿ ಅರಳು ಹಾಕಿ, "ಇಷ್ಟು ದಿನ ನಾನು ತಿಂದೆ, ಈ ಸಲ ನೀನು ತಿನ್ನೀಯಂತೆ ಕಣೆ ಕೂಸೆ, ಮನೇಲಿದ್ದೋರ ತುತ್ತ. ಎಲ್ಲಾ ನೋಡ್ಕಂಡು ಬಂದು ಹೇಳ್ತೀನಿ" ಅಂದಳು. ಒಣಶುಂಠಿ ಕುಟ್ಟುವಾಗ ಅವಳ ಕಣ್ಣಲ್ಲಿ ನೀರು ಬರುತ್ತಿತ್ತು, ಅದು ಖಾರಕ್ಕೆ. ಮಿಕ್ಕವರಿಗೆ ರೊಟ್ಟಿ, ಚಟ್ನಿಪುಡಿ. ಹುರಿಹಿಟ್ಟಿನ ಉಂಡೆಗಳಿಗೆ ಬೇರೆಯೇ ಒಂದು ಡಬ್ಬಿ, ಅದರ ಮೇಲೆ ಒಗೆದ ಬಿಳಿಯ ಬಟ್ಟೆ. ಬೆಳ್ಳಿ ಮೂಡುವ ಹೊತ್ತಿಗೆ ಗಾಡಿ ಹೊರಟಿತು. ಅತ್ತೆ ಹಿಂದುಗಡೆ, ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಬೀದಿಯ ಕೊನೆಯಲ್ಲಿ ಮನೆಯ ಕಡೆ ತಿರುಗಿ ನೋಡಿದಳು, ಆಮೇಲೆ ಬೆಟ್ಟದ ಕಡೆ. ಆ ಬೆಟ್ಟವನ್ನು ಅಷ್ಟು ದೂರದಿಂದ ಅವಳು ಎಷ್ಟೋ ವರ್ಷದಿಂದ ನೋಡಿರಲಿಲ್ಲ.

ಗವಿಯಲ್ಲಿ ನಡೆದದ್ದನ್ನು ಅವ್ವ ನನಗೆ ಹೇಳಿದ್ದು ನನ್ನ ಮದುವೆಯಾದ ಮೇಲೆ. ರಾತ್ರಿ ಬೆಟ್ಟದ ಬುಡದಲ್ಲಿ ತಂಗಿ, ಬೆಳಿಗ್ಗೆ ಹತ್ತಿದರಂತೆ. ಗವಿಯ ಬಾಯಲ್ಲಿ ಬಗ್ಗಿ, ಕೈಯಲ್ಲಿ ಗೋಡೆ ತಡವಿಕೊಂಡು ಒಳಗೆ ಹೋಗಬೇಕು. ತಣ್ಣನೆಯ ಗಾಳಿ, ಎಲ್ಲೋ ನೀರು ತೊಟ್ಟಿಕ್ಕುವ ಸದ್ದು. ಒಂದು ಮೂಲೆಯಲ್ಲಿ ಹಣತೆ ಇಟ್ಟುಕೊಂಡು ಒಬ್ಬ ಕೂತಿದ್ದ. ಜಡೆ ಕಿವಿಯ ಮೇಲೆ ಇಳಿಬಿದ್ದಿತ್ತು, ಗಡ್ಡ ಎದೆಗೆ ಬಂದಿತ್ತು. ಅಪ್ಪನಿಗೆ ಗುರುತು ಸಿಗಲಿಲ್ಲ, ಅವ್ವನಿಗೂ ಇಲ್ಲ. ಅತ್ತೆ ಮುಂದೆ ಹೋಗಿ ನಿಂತಳು. ಅವನು ತಲೆಯೆತ್ತಲಿಲ್ಲ. ಆಗ ಅವಳು ಹೆಸರು ಹಿಡಿದು ಕರೆದಳಂತೆ, ಮಲ್ಲಪ್ಪ ಅಂತ. ಹೂವಿನ ಹೆಸರನ್ನೂ ಹೇಳದೆ ಇದ್ದವಳು. ಗವಿಯೊಳಗೆ ಆ ಹೆಸರು ಮೂರು ನಾಲ್ಕು ಕಡೆಯಿಂದ ತಿರುಗಿ ಬಂತು, ಎಲ್ಲೋ ಬಾವಲಿಗಳು ಎದ್ದವು. ಅವನು, "ಆ ಹೆಸರಿನೋರು ಇಲ್ಲಿ ಯಾರೂ ಇಲ್ಲ ತಾಯಿ" ಅಂದ. ಅವಳು ಬಟ್ಟೆ ಸರಿಸಿ ಡಬ್ಬಿಯ ಮುಚ್ಚಳ ತೆಗೆದು ಅವನ ಮುಂದೆ ಇಟ್ಟಳು. ಶುಂಠಿಯ ಘಾಟು ಅಲ್ಲಿಗೆಲ್ಲ ಹರಡಿತು. "ಅವನ ಕೈ ಮುಂದಕ್ಕೆ ಬಂತು ಕಣೆ," ಅಂದಳು ಅವ್ವ, "ಆಮೇಲೆ ಹಿಂದಕ್ಕೋಯ್ತು." ಡಬ್ಬಿಯನ್ನು ಎರಡು ಬೆರಳಲ್ಲಿ ಅವಳ ಕಡೆಗೆ ದೂಡಿ, ಅವನು ಹೇಳಿದ್ದು ಇಷ್ಟು: "ನಂಗ್ಯಾಕೆ ತಾಯಿ. ಮನೇಲಿದ್ದೋರಿಗೆ ತಗಂಡೋಗು."

ಆ ಮಾತು ನಮ್ಮ ಮನೆಯದು. ನಮ್ಮ ಹೊಸ್ತಿಲೊಳಗೆ ಉಂಡವರು ಬಿಟ್ಟು ಬೇರೆ ಯಾರೂ ಆಡುತ್ತಿರಲಿಲ್ಲ. ಅಪ್ಪ ಹಣತೆಗೆ ಅಡ್ಡಲಾಗಿ ಒಂದು ಹೆಜ್ಜೆ ಮುಂದಿಟ್ಟ, ಅವನ ರಟ್ಟೆ ಹಿಡಿದು ಎಬ್ಬಿಸುವವನ ಹಾಗೆ. ಅತ್ತೆ ಅಪ್ಪನ ಕೈ ಹಿಡಿದು ನಿಲ್ಲಿಸಿದಳು. ಮುಚ್ಚಳ ಹಾಕಿದಳು, ಬಟ್ಟೆ ಸುತ್ತಿದಳು, ಬಗ್ಗಿ ಹೊರಗೆ ಬಂದಳು. ಇಳಿವಾಗ ಅವ್ವ ಸಂಭಾಳಿಸಲು ಹೋದರೆ, "ಕೂತ್ಕಂಡು ಇಳಿಯತ್ತಿಗೆ, ಜಾರತೈತೆ" ಅಂತ ಅವ್ವನಿಗೇ ಹೇಳಿದಳಂತೆ.

ಗಾಡಿ ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ನಾನು ಅಜ್ಜಿಯ ಮಂಚದ ಪಕ್ಕ ತಟ್ಟೆ ಇಟ್ಟುಕೊಂಡು ಕಾಯುತ್ತಿದ್ದೆ. ಮೊದಲ ಸಲ ನನ್ನ ತುತ್ತು ಅದು. ಅತ್ತೆ ಕೈಕಾಲು ತೊಳೆದು, ವಿಭೂತಿ ಹಚ್ಚಿಕೊಂಡು ಬಂದು ಡಬ್ಬಿ ಬಿಚ್ಚಿದಳು. ಒಂದು ತುತ್ತಲ್ಲ, ಕಟ್ಟಿಕೊಂಡು ಹೋದದ್ದೆಲ್ಲ ಹಾಗೇ ಇತ್ತು, ಒಂದು ಉಂಡೆಯೂ ಒಡೆದಿರಲಿಲ್ಲ. ಅಜ್ಜಿ ಡಬ್ಬಿಯನ್ನು ನೋಡಿದಳು, ಬಾಗಿಲಲ್ಲಿ ನಿಂತ ಅಪ್ಪನನ್ನು ನೋಡಿದಳು. ಅಪ್ಪ ಬರುವುದಿಲ್ಲವೆನ್ನುವ ಹಾಗೆ ತಲೆಯಾಡಿಸಿದ. ಅಜ್ಜಿಗೆ ಅಷ್ಟು ಸಾಕಾಯಿತು. ಅತ್ತೆ ನನಗೊಂದು ಉಂಡೆ, ಅಜ್ಜಿಗೊಂದು ಉಂಡೆ ಇಟ್ಟಳು. ನಾನು ಕಚ್ಚಿ, "ಹೇಳತ್ತೆ, ಬೆಟ್ಟ ಹೆಂಗಿತ್ತು?" ಅಂದೆ. ಅವಳು ಡಬ್ಬಿಗೆ ಸುತ್ತಿದ್ದ ಬಟ್ಟೆಯನ್ನು ಮಡಿಸುತ್ತ, "ಚೆನ್ನಾಗಿತ್ತು" ಅಂದಳು. ಅಷ್ಟೇ. ನಾನು ತಿನ್ನುತ್ತಿದ್ದೆ, ಯಾರೂ ಏನೂ ಹೇಳುತ್ತಿರಲಿಲ್ಲ. ಆಮೇಲೆ ಅತ್ತೆ ನನ್ನ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಡಬ್ಬಿಗೆ ಕೈ ಹಾಕಿದಳು. ಅಜ್ಜಿ, "ಹೋದೋಳು ತಿನ್ನಬಾರ್ದು ಕಣೆ ನೀಲಿ" ಅಂದಳು. ಅತ್ತೆ ಉಂಡೆ ಮುರಿಯುತ್ತ, "ನಾನೆಲ್ಲೋಗಿದ್ದೆ ಬುಡವ್ವ," ಅಂದಳು, "ನಾನೂ ಮನೇಲಿದ್ದೋಳೇ ಅಲ್ವಾ." ಅಜ್ಜಿ ತನ್ನ ತಟ್ಟೆಯನ್ನು ಅವಳ ಕಡೆಗೆ ಸರಿಸಿದಳು. ಮೂರು ತಲೆಮಾರಿನ ಮೂವರು ಹೆಂಗಸರು ಕೂತು, ಎಷ್ಟೋ ವರ್ಷದ ಹಿಂದೆ ಬರಬೇಕಾಗಿದ್ದ ತುತ್ತನ್ನು ತಿಂದೆವು. ನನಗೆ ಆಗ ಅದು ತಿಳಿಯಲಿಲ್ಲ. ಹೊಟ್ಟೆ ಭಾರವಾಗಿ ಮಲಗಿದ್ದು ಗೊತ್ತು.

ಅದಾದ ಮೇಲೆ ಅತ್ತೆಯಲ್ಲಿ ಏನೂ ಬದಲಾಗಲಿಲ್ಲ ಅಂತ ಮನೆಯವರು ಹೇಳುತ್ತಿದ್ದರು. ಹೌದು, ಹಣೆಗೆ ಕುಂಕುಮ ಹಾಗೇ ಇತ್ತು, ಕೊರಳಲ್ಲಿ ತಾಳಿ ಹಾಗೇ ಇತ್ತು, ಹೊಸ್ತಿಲ ಮೇಲೆ ಕೂತು ಬಂದವರಿಗೆ ದಾರಿ ಹೇಳುವುದೂ ನಿಲ್ಲಲಿಲ್ಲ. ಒಂದು ದಿನ ಹೂವಿನವಳು ಬಂದಾಗ ಅತ್ತೆ ಒಳಗಿನಿಂದಲೇ, "ಮಲ್ಲಿಗೆ ಐತೇನೆ? ಒಂದು ಮೊಳ ಕೊಟ್ಟೋಗು" ಅಂದಳು. ನಾವು ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಯಾರಿಗೂ ನಗು ಬರಲಿಲ್ಲ. ಆಮೇಲೆ ಯಾರೂ ಅವಳನ್ನು ಹಾಗೆ ಕಾಡಲಿಲ್ಲ. ಸಿದ್ದರ ಬೆಟ್ಟಕ್ಕೆ ಹೋಗುವವರು ಕೇಳಿದರೆ ಈಗ ಅವಳು ಹೇಳುತ್ತಿದ್ದಳು, ಮಿಕ್ಕ ಊರುಗಳಿಗಿಂತ ವಿವರವಾಗಿಯೇ. "ಬುಡದಾಗೆ ರಾತ್ರಿ ಇದ್ದು ಬೆಳಿಗ್ಗೆ ಹತ್ತಿ. ಗವಿ ಬಾಯಾಗೆ ತಲೆ ತಗ್ಸಿ. ಹೊದೆಯಾಕೆ ಏನಾರ ತಗಂಡೋಗಿ, ಒಳಗೆ ಚಳಿ ಐತೆ. ನೀರು ಕುಡೀರಿ, ಚೆನ್ನಾಗೈತೆ. ಒಳಗೆ ಯಾರನ್ನೂ ಹೆಸರಿಡಿದು ಕೂಗಬ್ಯಾಡ್ರಪ್ಪ." ಯಾಕೆ ಅಂತ ಯಾರಾದರೂ ಕೇಳಿದರೆ, "ಬಾವಲಿ ಏಳ್ತವೆ" ಅನ್ನುವಳು.

ಅವಳು ಹೋದದ್ದು ನಾನು ತುಮಕೂರಿಗೆ ಬಂದ ಮೇಲೆ, ಮಾಮೂಲಿ ಜ್ವರದಲ್ಲಿ. ಸುದ್ದಿ ಮುಟ್ಟಿ ನಾನು ಹೋಗುವ ಹೊತ್ತಿಗೆ ಮಣ್ಣು ಮಾಡಿ ಆಗಿತ್ತು. ಅಜ್ಜಿ ಅದಕ್ಕೂ ಮುಂಚೆಯೇ ಹೋಗಿದ್ದಳು. ಅಪ್ಪ, ಅವ್ವ ಆಮೇಲೆ ಒಬ್ಬರ ಹಿಂದೊಬ್ಬರು. ಮನೆ ಕೊಂಡವರು ಅದನ್ನು ಕೆಡವಿ, ಜಗಲಿಯ ಕಲ್ಲು ಬಿಡಿಸಿಕೊಂಡು, ಬಸ್ಸಿಗೆ ಕಾಯುವವರಿಗೆ ಒಂದು ಕಾಫಿ ಹೋಟ್ಲು ಕಟ್ಟಿಸಿದ್ದಾರೆ. ಪೆಟ್ರೋಲು ಸಿಗದ ಈ ಕಾಲದಲ್ಲಿ ಇದ್ದಿಲಿನಿಂದ ಓಡುವ ಬಸ್ಸು ಅದರ ಮುಂದೆಯೇ ನಿಲ್ಲುತ್ತದೆ. ಹೋದ ಸಲ ಅಲ್ಲಿ ಇಳಿದು ಕಾಫಿ ಕುಡಿದೆ. ಲೋಟ ಇಟ್ಟ ಕಲ್ಲು ನಮ್ಮದೇ ಇರಬಹುದು, ಅಲ್ಲದೆಯೂ ಇರಬಹುದು. ಗವಿಯಲ್ಲಿದ್ದವನ ಸುದ್ದಿಯನ್ನು ಕರಿಯಕ್ಕ ಮತ್ತೆ ಎತ್ತಲಿಲ್ಲ, ನಾವೂ ಕೇಳಲಿಲ್ಲ.

ಹುರಿಹಿಟ್ಟಿನ ಘಮ ಬಂದ ಮಾರನೆಯ ದಿನ ನಮ್ಮ ಎದುರು ಸಾಲಿನ ಮನೆಗಳ ಹೈಸ್ಕೂಲು ಹುಡುಗರು ನಾಲ್ಕೈದು ಜನ ಬಂದರು. ಭಾನುವಾರ ಮಧುಗಿರಿ ಬೆಟ್ಟಕ್ಕೆ ಹೋಗುತ್ತಾರಂತೆ. "ನಿಮ್ಮೂರಲ್ವಾ ಅಮ್ಮ, ಹೆಂಗೆ ಹೋಗ್ಬೇಕು ಹೇಳಿ" ಅಂದರು. ಹೇಳಿದೆ. ಬಂಡೆ ಕಾಯುವ ಮುಂಚೆ ಹತ್ತಿ, ಸಂಜೆಯವರೆಗೆ ಮೇಲೇ ಇರಿ, ಜೋಡು ಕೈಯಲ್ಲಿ ಹಿಡಿದುಕೊಳ್ಳಿ, ಜೇನಿನ ಹತ್ತಿರ ಹೊಗೆ ಮಾಡಬೇಡಿ, ನಾಚಿಕೊಳ್ಳದೆ ಕೂತು ಇಳಿಯಿರಿ. ಹೇಳುತ್ತ ಹೇಳುತ್ತ ನನ್ನ ಬಾಯಿ ನೀಲತ್ತೆಯ ಬಾಯಾಗಿತ್ತು. ಮದ್ದಗಿರಿಯಲ್ಲೇ ಹುಟ್ಟಿ ಬೆಳೆದ ನಾನೂ ಆ ಬೆಟ್ಟದ ತುದಿ ಕಂಡವಳಲ್ಲ. ಮನೆಯಲ್ಲಿದ್ದ ರಾಗಿಯನ್ನು ಹುರಿದು, ಹಿಟ್ಟು ಮಾಡಿ, ಒಣಶುಂಠಿ ಹಾಕಿ ಉಂಡೆ ಕಟ್ಟಿ, ಅಲ್ಯೂಮಿನಿಯಂ ಡಬ್ಬಿಯಲ್ಲಿ ತುಂಬಿ ಕೊಟ್ಟೆ. ಕಡೆಯ ತುತ್ತಿನ ಮಾತು ಹೇಳೋಣವೆಂದುಕೊಂಡೆ, ಹೇಳಲಿಲ್ಲ. ಬೇರೆಯವರ ಮನೆಯ ಮಕ್ಕಳು.

ಸೋಮವಾರ ಬೆಳಿಗ್ಗೆ ಅವರಲ್ಲೊಬ್ಬನ ತಾಯಿ ಡಬ್ಬಿ ತಂದುಕೊಟ್ಟು ಹೋದಳು. ಒಳ್ಳೆಯ ಹೆಂಗಸು, ಹುಣಸೆಹಣ್ಣು ಹಾಕಿ ತಿಕ್ಕಿ, ಮುಚ್ಚಳದ ಸಂದಿಯನ್ನೂ ಬಿಡದೆ ತೊಳೆದು, ಒರೆಸಿ ತಂದಿದ್ದಳು. ಹುಡುಗ ಹಿಂದೆ ನಿಂತಿದ್ದ. "ಬೆಟ್ಟ ಹೆಂಗಿತ್ತಪ್ಪ?" ಅಂದೆ. "ಚೆನ್ನಾಗಿತ್ತಮ್ಮ" ಅಂದ. ಅವರು ಹೋದ ಮೇಲೆ ಮುಚ್ಚಳ ತೆಗೆದು ನೋಡಿದೆ. ವಾಸನೆಯೂ ಉಳಿದಿರಲಿಲ್ಲ. ಡಬ್ಬಿಯನ್ನು ಗೂಡಿನಲ್ಲಿ ಬೋರಲು ಹಾಕಿ, ಒಲೆಯ ಹತ್ತಿರ ಹೋದೆ.